ಯಾವ ಹಣದುಬ್ಬರ, ಯಾರಿಗೆ: ಪ್ರಾದೇಶಿಕ ಬೆಲೆಗಳ ನಡುವೆ ಸರಿಯಾದ ಅಳತೆ ಆರಿಸಿಕೊಳ್ಳುವುದು

2022ರ ಆಗಸ್ಟ್‌ನಲ್ಲಿ ಯೂರೋ ವಲಯದ ವಾರ್ಷಿಕ ಹಣದುಬ್ಬರ ಶೇ 9.1 ಇತ್ತು. ಅದೇ ತಿಂಗಳು, ಅದೇ ನಾಣ್ಯ ಚಲಾವಣೆಯಲ್ಲಿರುವ ಎಸ್ಟೋನಿಯಾದಲ್ಲಿ ಅದು ಶೇ 25 ದಾಟಿತ್ತು. ಫ್ರಾನ್ಸ್‌ನಲ್ಲಿ ಶೇ 6.6ರಷ್ಟಿತ್ತು. ಕೇಂದ್ರ ಬ್ಯಾಂಕು ಒಂದೇ, ನೀತಿ ಬಡ್ಡಿ ದರವೂ ಒಂದೇ. 9.1 ಎಂಬ ಸಂಖ್ಯೆ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಆದರೆ ಎಸ್ಟೋನಿಯಾದ ತಾಲ್ಲಿನ್‌ನಲ್ಲಿ ಸಂಬಳ ಎಣಿಸುವವರಿಗಾಗಲಿ, ಫ್ರಾನ್ಸ್‌ನ ಲಿಯಾನ್‌ನಲ್ಲಿ ಬಾಡಿಗೆ ಕಟ್ಟುವವರಿಗಾಗಲಿ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಒಟ್ಟು ಸೂಚ್ಯಂಕದಲ್ಲಿ ಎಸ್ಟೋನಿಯಾದ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು, ಶೇ 1ಕ್ಕಿಂತಲೂ ಕಡಿಮೆ. ಅಲ್ಲಿ ಬೆಲೆ ಎಷ್ಟೇ ಕುಣಿದರೂ ಒಟ್ಟು ಸಂಖ್ಯೆ ಅಲುಗಾಡುವುದಿಲ್ಲ.

ಆದ್ದರಿಂದ ಅಳತೆ ಆರಿಸುವ ಮೊದಲು ಪ್ರಶ್ನೆ ಯಾವುದೆಂದು ತೀರ್ಮಾನಿಸಿಕೊಳ್ಳಬೇಕು. ಎಲ್ಲಿ ದುಬಾರಿ ಎಂಬುದು ಒಂದು ಪ್ರಶ್ನೆ. ಎಲ್ಲಿ ಹೆಚ್ಚು ಹೆಚ್ಚು ದುಬಾರಿಯಾಗುತ್ತಿದೆ ಎಂಬುದು ಬೇರೆ ಪ್ರಶ್ನೆ. ಈ ತಿಂಗಳ ಗದ್ದಲ ಅಡಗಿದ ಮೇಲೆ ಬೆಲೆಗಳು ಯಾವ ದಿಕ್ಕಿನಲ್ಲಿ ಉಳಿಯುತ್ತವೆ ಎಂಬುದು ಮೂರನೆಯದು. ಮೂರಕ್ಕೂ ಒಂದೇ ಸಂಖ್ಯೆಯಲ್ಲಿ ಉತ್ತರ ಹುಡುಕುವವರೇ ಹೆಚ್ಚು.

ಮಟ್ಟ ಮತ್ತು ಏರಿಕೆ

ಅತಿ ಸಾಮಾನ್ಯವಾದ ಗೊಂದಲದಿಂದ ಆರಂಭಿಸೋಣ. ಒಂದು ನಗರದ ಗ್ರಾಹಕ ಬೆಲೆ ಸೂಚ್ಯಂಕ 140, ಇನ್ನೊಂದರದ್ದು 120 ಎಂದುಕೊಳ್ಳಿ. ಮೊದಲನೆಯದು ದುಬಾರಿ ನಗರ ಎಂದು ಹೇಳಬಹುದೇ? ಹೇಳಲಾಗದು. ಆಧಾರ ವರ್ಷದಲ್ಲಿ ಎರಡೂ ನಗರಗಳನ್ನು 100 ಎಂದು ಇಟ್ಟುಕೊಂಡೇ ಲೆಕ್ಕ ಶುರುವಾಗಿದೆ. ಆಗ ಯಾವುದು ಅಗ್ಗವಿತ್ತು, ಯಾವುದು ದುಬಾರಿಯಿತ್ತು ಎಂಬುದನ್ನು ಸೂಚ್ಯಂಕ ಅಲ್ಲಿಯೇ ಮರೆತುಬಿಟ್ಟಿದೆ. 140 ಹೇಳುವುದು ಇಷ್ಟೇ: ಆ ನಗರದ ಬೆಲೆಗಳು ಆಧಾರ ವರ್ಷದಲ್ಲಿ ತಾವಿದ್ದ ಮಟ್ಟಕ್ಕಿಂತ ಶೇ 40 ಏರಿವೆ. ಏರಿದ ಮೇಲೂ ಅದು ಮತ್ತೊಂದಕ್ಕಿಂತ ಅಗ್ಗವಾಗಿಯೇ ಉಳಿದಿರಬಹುದು. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ತನ್ನ ನಗರವಾರು ಸೂಚ್ಯಂಕಗಳ ಬಗ್ಗೆ ಈ ಎಚ್ಚರಿಕೆಯನ್ನು ಸ್ಪಷ್ಟವಾಗಿ ಕೊಡುತ್ತದೆ. ಆದರೂ ‘ದೇಶದ ದುಬಾರಿ ನಗರಗಳು’ ಎಂಬ ಪಟ್ಟಿಗಳಲ್ಲಿ ಸೂಚ್ಯಂಕದ ಅಂಕಿಗಳು ಧೈರ್ಯವಾಗಿ ಬಂದು ಕೂರುತ್ತವೆ.

ಮಟ್ಟವನ್ನು ಹೋಲಿಸಬೇಕಾದರೆ ಬೇರೆಯೇ ಸಾಧನ ಬೇಕು. ದೇಶಗಳ ನಡುವೆ ಆ ಕೆಲಸವನ್ನು ಕೊಳ್ಳುವ ಶಕ್ತಿಯ ಸಮತೆ, ಅಂದರೆ ಒಂದೇ ಬಗೆಯ ವಸ್ತುಗಳನ್ನು ಕೊಳ್ಳಲು ಪ್ರತಿ ದೇಶದಲ್ಲಿ ಎಷ್ಟು ಹಣ ಬೇಕು ಎಂಬ ಲೆಕ್ಕ, ಮಾಡುತ್ತದೆ. ವಿಶ್ವ ಬ್ಯಾಂಕ್ ನಡೆಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ ಇದಕ್ಕಾಗಿಯೇ ಬೆಲೆ ಸಂಗ್ರಹಿಸುತ್ತದೆ. ದೇಶದೊಳಗೆ ಇಂಥ ಲೆಕ್ಕ ಅಪರೂಪ. ಅಮೆರಿಕದ ಆರ್ಥಿಕ ವಿಶ್ಲೇಷಣಾ ಬ್ಯೂರೋ ಪ್ರಕಟಿಸುವ ಪ್ರಾದೇಶಿಕ ಬೆಲೆ ಸಮತೆ ಒಳ್ಳೆಯ ಮಾದರಿ. ಅಲ್ಲಿ ಇಡೀ ದೇಶದ ಸರಾಸರಿಯನ್ನು 100 ಎಂದು ಹಿಡಿದು, ಪ್ರತಿ ರಾಜ್ಯವೂ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ತೋರಿಸುತ್ತಾರೆ. ಅದನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಸರಕುಗಳ ಬೆಲೆ ರಾಜ್ಯದಿಂದ ರಾಜ್ಯಕ್ಕೆ ಹೆಚ್ಚು ಬದಲಾಗುವುದಿಲ್ಲ, ಅಂತರವನ್ನು ಸೃಷ್ಟಿಸುವುದು ಮುಖ್ಯವಾಗಿ ಮನೆ ಬಾಡಿಗೆ.

ಕಾರಣ ಸರಳ. ಸರಕನ್ನು ಅಗ್ಗವಿರುವಲ್ಲಿಂದ ದುಬಾರಿಯಿರುವಲ್ಲಿಗೆ ಸಾಗಿಸಬಹುದು, ಮನೆಯನ್ನು ಸಾಗಿಸಲಾಗದು. ಕ್ಷೌರವನ್ನೂ ಲಾರಿಗೆ ಹೇರಲಾಗದು. ದೊಡ್ಡ ಸರಣಿ ಅಂಗಡಿಗಳು ಊರಿನ ಆದಾಯ ಹೇಗೇ ಇರಲಿ, ತಮ್ಮ ಬಹುತೇಕ ಮಳಿಗೆಗಳಲ್ಲಿ ಹೆಚ್ಚುಕಡಿಮೆ ಒಂದೇ ದರ ಇಡುವುದೂ ಉಂಟು. ಸಾಗಿಸಲಾಗದ ಸೇವೆಗಳು ಶ್ರೀಮಂತ ಪ್ರದೇಶಗಳಲ್ಲಿ ಏಕೆ ದುಬಾರಿ ಎಂಬುದಕ್ಕೆ ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮುಯೆಲ್‌ಸನ್ 1964ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ವಿವರಣೆ ಇಂದಿಗೂ ನಿಲ್ಲುತ್ತದೆ: ಕಾರ್ಖಾನೆಯ ಉತ್ಪಾದಕತೆ ಹೆಚ್ಚಿದಾಗ ಅಲ್ಲಿ ಕೂಲಿ ಏರುತ್ತದೆ, ಆ ಕೂಲಿಗೆ ಸರಿಗಟ್ಟಲು ಉತ್ಪಾದಕತೆ ಏರದ ಸೇವಾ ವಲಯವೂ ಕೂಲಿ ಏರಿಸಬೇಕಾಗುತ್ತದೆ, ಅದು ಸೇವೆಯ ಬೆಲೆಯಾಗಿ ಹೊರಬರುತ್ತದೆ. ಬಡ ಪ್ರದೇಶವೊಂದು ಸಿರಿವಂತ ಪ್ರದೇಶವನ್ನು ಬೆನ್ನಟ್ಟಿ ಬೆಳೆಯುತ್ತಿದ್ದರೆ ಅಲ್ಲಿ ಹಣದುಬ್ಬರ ತುಸು ಹೆಚ್ಚೇ ಇರುವುದು ಈ ಕಾರಣಕ್ಕೆ. ಅದನ್ನು ರೋಗವೆಂದು ಓದಬಾರದು.

ಕೆಲಸ ಬದಲಿಸಿ ಬೇರೆ ಊರಿಗೆ ಹೋಗುವವರಿಗೆ ಬೇಕಾದದ್ದು ಮಟ್ಟದ ಹೋಲಿಕೆ, ಅದರಲ್ಲೂ ಬಾಡಿಗೆಯದ್ದು. ಅವರು ಹಣದುಬ್ಬರದ ಪುಟವನ್ನು ತೆರೆಯುವ ಅಗತ್ಯವೇ ಇಲ್ಲ.

ಒಪ್ಪಂದಕ್ಕೆ ಯಾವ ಸೂಚ್ಯಂಕ?

ವೇತನ, ಬಾಡಿಗೆ, ಪಿಂಚಣಿಗಳನ್ನು ಹಣದುಬ್ಬರಕ್ಕೆ ಜೋಡಿಸುವವರ ಮುಂದೆ ಎರಡು ದಾರಿಗಳಿವೆ: ರಾಷ್ಟ್ರೀಯ ಸೂಚ್ಯಂಕ ಅಥವಾ ತಮ್ಮ ಪ್ರದೇಶದ ಸೂಚ್ಯಂಕ. ನಮ್ಮೂರಿನ ಸೂಚ್ಯಂಕವೇ ನಮ್ಮ ಖರ್ಚನ್ನು ಸರಿಯಾಗಿ ಹೇಳುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ತಾತ್ವಿಕವಾಗಿ ಅದು ಸರಿ. ತೊಡಕಿರುವುದು ಮಾದರಿಯ ಗಾತ್ರದಲ್ಲಿ. ರಾಷ್ಟ್ರೀಯ ಅಂಕಿಯ ಹಿಂದೆ ಸಾವಿರಾರು ಮಳಿಗೆಗಳ ಬೆಲೆಗಳಿದ್ದರೆ, ಒಂದು ನಗರದ ಅಂಕಿಯ ಹಿಂದೆ ಅವುಗಳ ಸಣ್ಣ ತುಣುಕು ಮಾತ್ರ ಇರುತ್ತದೆ. ಸ್ಥಳೀಯ ಸೂಚ್ಯಂಕದ ಏರಿಳಿತದಲ್ಲಿ ಒಂದಷ್ಟು ಪಾಲು ಬೆಲೆಯದ್ದಲ್ಲ, ಮಾದರಿಯ ಅದೃಷ್ಟದ್ದು. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ಇದೇ ಕಾರಣಕ್ಕೆ ಒಪ್ಪಂದಗಳಲ್ಲಿ ರಾಷ್ಟ್ರೀಯ ಸರಾಸರಿಯನ್ನೇ ಬಳಸಿ ಎಂದು ಒತ್ತಿ ಹೇಳುತ್ತದೆ.

ನನ್ನ ಅಭಿಪ್ರಾಯ ಇದಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಒಂದೇ ವರ್ಷದ ಒಪ್ಪಂದಕ್ಕೆ ರಾಷ್ಟ್ರೀಯ ಸೂಚ್ಯಂಕ ಸಾಕು. ಹತ್ತು ವರ್ಷದ ಗುತ್ತಿಗೆಯಾದರೆ ಮಾದರಿಯ ಗದ್ದಲ ತಾನಾಗಿಯೇ ಸಮವಾಗುತ್ತದೆ, ಪ್ರದೇಶದ ಬಾಡಿಗೆ ಏರಿಕೆಯಂಥ ನಿಧಾನದ ವ್ಯತ್ಯಾಸ ಮಾತ್ರ ವರ್ಷದಿಂದ ವರ್ಷಕ್ಕೆ ಗುಡ್ಡೆಯಾಗುತ್ತದೆ. ಅಲ್ಲಿ ಪ್ರಾದೇಶಿಕ ಸೂಚ್ಯಂಕಕ್ಕೆ ಬೆಲೆಯಿದೆ. ಒಂದು ತಿಂಗಳ ಅಂಕಿಯ ಬದಲು ಹನ್ನೆರಡು ತಿಂಗಳ ಸರಾಸರಿಯನ್ನು ಬಳಸಿದರೆ ಆಯಿತು. ಯಾವ ಸರಣಿ, ಯಾವ ಆಧಾರ ವರ್ಷ, ಆಧಾರ ವರ್ಷ ಬದಲಾದರೆ ಅಥವಾ ಸರಣಿಯೇ ನಿಂತುಹೋದರೆ ಏನು ಮಾಡಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆದಿಡಬೇಕು. ‘ಹಣದುಬ್ಬರಕ್ಕೆ ಅನುಗುಣವಾಗಿ’ ಎಂದಷ್ಟೇ ಬರೆದ ಕಾಗದ ವಕೀಲರಿಗೆ ಲಾಭದಾಯಕ.

ಇನ್ನೊಂದು ಮಾತು. ವೇತನದ ಚರ್ಚೆಗೆ ಯಾರಾದರೂ ಆಹಾರ ಮತ್ತು ಇಂಧನ ಬಿಟ್ಟ ಸಂಖ್ಯೆಯನ್ನು ತಂದರೆ ಒಪ್ಪಬೇಡಿ. ಉಣ್ಣುವುದನ್ನೂ ಉರಿಸುವುದನ್ನೂ ಯಾರೂ ಬಿಟ್ಟಿಲ್ಲ. ಆ ಅಳತೆ ಬೇರೆ ಉದ್ದೇಶಕ್ಕೆ ಹುಟ್ಟಿದ್ದು.

ಒಳಗಿನ ಒಲವನ್ನು ಹಿಡಿಯುವುದು: ಪಟ್ಟಿಯಿಂದ ತೆಗೆಯುವ ದಾರಿ

ಬಡ್ಡಿ ದರ ತೀರ್ಮಾನಿಸುವವರಿಗೆ ಕಳೆದ ತಿಂಗಳ ಬೆಲೆಗಿಂತ ಒಂದೆರಡು ವರ್ಷದ ನಂತರದ್ದು, ಅಂದರೆ ಬೆಲೆಗಳು ಉಳಿಯುವ ದಿಕ್ಕು ಅಥವಾ ಒಲವು, ಮುಖ್ಯ. ದರ ಬದಲಾವಣೆಯ ಪರಿಣಾಮ ಕಾಣಲು ಅಷ್ಟು ಕಾಲ ಬೇಕು. 1970ರ ದಶಕದ ತೈಲ ಆಘಾತಗಳ ಹೊತ್ತಿಗೆ, ಇಂಧನ ಮತ್ತು ಆಹಾರವನ್ನು ಬದಿಗಿಟ್ಟು ಉಳಿದದ್ದನ್ನು ನೋಡುವ ರೂಢಿ ಬಲವಾಯಿತು. ಹೀಗೆ ಉಳಿದದ್ದರ ಏರಿಕೆಯನ್ನು ‘ಕೋರ್’ ಹಣದುಬ್ಬರ ಎನ್ನುತ್ತಾರೆ. ಸರಳವಾದದ್ದು, ಪತ್ರಿಕಾಗೋಷ್ಠಿಯಲ್ಲಿ ಒಂದೇ ವಾಕ್ಯದಲ್ಲಿ ವಿವರಿಸಬಹುದಾದದ್ದು, ಹಿಂದಿನ ತಿಂಗಳ ಅಂಕಿಯನ್ನು ಆಮೇಲೆ ತಿದ್ದಬೇಕಾಗಿಲ್ಲದ್ದು. ಅದರ ಜನಪ್ರಿಯತೆಗೆ ಇಷ್ಟು ಸಾಕು.

ಎಲ್ಲರೂ ಒಂದೇ ವಸ್ತುಗಳನ್ನು ತೆಗೆಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಜಪಾನ್‌ನ ‘ಕೋರ್’ ತಾಜಾ ಆಹಾರವನ್ನು ಮಾತ್ರ ಬಿಡುತ್ತದೆ, ಇಂಧನ ಒಳಗೇ ಇರುತ್ತದೆ. ಯೂರೋ ವಲಯದಲ್ಲಿ ಇಂಧನ, ಆಹಾರದ ಜೊತೆ ಮದ್ಯ, ತಂಬಾಕೂ ಹೊರಗೆ. ನಾರ್ವೆ ಇಂಧನವನ್ನು ತೆಗೆದು ತೆರಿಗೆ ಬದಲಾವಣೆಯ ಪರಿಣಾಮವನ್ನೂ ಕಳೆಯುತ್ತದೆ. ಮೂರು ಕಡೆಯ ‘ಕೋರ್’ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವ ನಕ್ಷೆಗಳನ್ನು ನಂಬುವ ಮೊದಲು ಕೆಳಗಿನ ಸಣ್ಣ ಅಕ್ಷರ ಓದಿ.

ಈ ದಾರಿಯ ನಿಜವಾದ ದೋಷ ಬೇರೆ ಇದೆ. ಯಾವ ವಸ್ತು ಚಂಚಲ ಎಂದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಆಹಾರದ ತೂಕ ಹತ್ತರಲ್ಲೊಂದು ಇರುವ ದೇಶದಲ್ಲಿ ಅದು ಸಹಿಸಬಹುದಾದ ತೀರ್ಪು. ಭಾರತದ 2012ರ ಆಧಾರ ವರ್ಷದ ಸರಣಿಯನ್ನು ನೋಡಿ: ಆಹಾರ ಮತ್ತು ಪಾನೀಯಗಳ ತೂಕ ಶೇ 45.86, ಇಂಧನ ಮತ್ತು ಬೆಳಕಿನದು ಶೇ 6.84. ಎರಡನ್ನೂ ತೆಗೆದರೆ ಸೂಚ್ಯಂಕ ಅಳೆಯುವ ವಸ್ತುಗಳ ಬುಟ್ಟಿಯಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಪ್ರದೇಶದ ಲೆಕ್ಕಕ್ಕೆ ಬಂದರೆ ಪೇಚು ಇನ್ನೂ ಹೆಚ್ಚು. ಅದೇ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಗ್ರಾಮೀಣ ಭಾಗದಲ್ಲಿ ಶೇ 54.18, ನಗರದಲ್ಲಿ ಶೇ 36.29. ಗ್ರಾಮೀಣ ಸೂಚ್ಯಂಕದಲ್ಲಿ ಮನೆ ಬಾಡಿಗೆಗೆ ಜಾಗವೇ ಇರಲಿಲ್ಲ. ಹಾಗಾಗಿ ಗ್ರಾಮೀಣ ‘ಕೋರ್’ ಮತ್ತು ನಗರದ ‘ಕೋರ್’ ಎಂಬ ಎರಡು ಅಂಕಿಗಳು ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತಿದ್ದವು. ಅವುಗಳ ನಡುವಿನ ಅಂತರದಲ್ಲಿ ಎಷ್ಟು ಪಾಲು ಬೆಲೆಯದು, ಎಷ್ಟು ಪಾಲು ಬುಟ್ಟಿಯದು ಎಂದು ಬೇರ್ಪಡಿಸದೆ ಏನನ್ನೂ ಹೇಳಲಾಗದು. ಆಹಾರದ ಬೆಲೆ ಏರಿಕೆ ಕೂಲಿಯ ಬೇಡಿಕೆಗೆ, ಅಲ್ಲಿಂದ ಸೇವೆಗಳಿಗೆ ಹರಡುವ ಆರ್ಥಿಕತೆಯಲ್ಲಿ ಆಹಾರವನ್ನು ಗದ್ದಲ ಎಂದು ತಳ್ಳಿಹಾಕುವುದು ಅನುಕೂಲಕ್ಕೆ ಮಾಡಿಕೊಂಡ ಕುರುಡು.

ತುದಿ ಕತ್ತರಿಸುವ ದಾರಿ, ಮತ್ತು ಎಲ್ಲಿ ಕತ್ತರಿ ಇಡಬೇಕು ಎಂಬುದು

ಎರಡನೆಯ ದಾರಿಯಲ್ಲಿ ಮೊದಲೇ ಯಾರನ್ನೂ ಹೊರಗಿಡುವುದಿಲ್ಲ. ಪ್ರತಿ ತಿಂಗಳು ಎಲ್ಲ ವಸ್ತುಗಳನ್ನೂ ಬೆಲೆ ಬದಲಾವಣೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಎರಡೂ ತುದಿಗಳಿಂದ ಒಂದಷ್ಟು ತೂಕವನ್ನು ಕತ್ತರಿಸಿ, ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ ಎರಡೂ ಕಡೆ ಶೇ 15 ಕತ್ತರಿಸುತ್ತದೆ. ಕೆನಡಾದ ಕೇಂದ್ರ ಬ್ಯಾಂಕ್ ಶೇ 20. ಅಮೆರಿಕದ ಡಲ್ಲಾಸ್ ಫೆಡರಲ್ ರಿಸರ್ವ್ ಬ್ಯಾಂಕ್ (ಅಲ್ಲಿನ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಪ್ರಾದೇಶಿಕ ಬ್ಯಾಂಕುಗಳಲ್ಲಿ ಒಂದು) ಕೆಳಗಿನಿಂದ ಶೇ 24, ಮೇಲಿನಿಂದ ಶೇ 31 ತೆಗೆಯುತ್ತದೆ. ಕತ್ತರಿಸುತ್ತಾ ಕತ್ತರಿಸುತ್ತಾ ನಟ್ಟನಡುವೆ ಒಂದೇ ವಸ್ತು ಉಳಿಯುವವರೆಗೂ ಹೋದರೆ ಅದು ತೂಕಸಹಿತ ಮಧ್ಯಾಂಕ. ಕ್ಲೀವ್‌ಲ್ಯಾಂಡ್ ಫೆಡರಲ್ ರಿಸರ್ವ್ ಬ್ಯಾಂಕ್ ಇದನ್ನು 1990ರ ದಶಕದಿಂದ ಬೆಳೆಸಿಕೊಂಡು ಬಂದಿದೆ.

ಪ್ರಾದೇಶಿಕ ವ್ಯತ್ಯಾಸ ನಿಜವಾಗಿ ಮುಖ್ಯವಾಗುವುದು ಇಲ್ಲಿ. ಸಾಲಿನಲ್ಲಿ ನಿಲ್ಲಿಸುವ ಘಟಕ ಯಾವುದು? ‘ಬಾಡಿಗೆ’ ಎಂಬ ಇಡೀ ದೇಶದ ಒಂದು ವಸ್ತುವೋ, ಅಥವಾ ‘ಕರಾವಳಿಯ ಬಾಡಿಗೆ’, ‘ಒಳನಾಡಿನ ಬಾಡಿಗೆ’ ಎಂಬ ಎರಡೋ? ಕಾಲ್ಪನಿಕ ದೇಶವೊಂದರ ಲೆಕ್ಕ ಮಾಡಿ ನೋಡೋಣ. ಒಟ್ಟು ಖರ್ಚಿನಲ್ಲಿ ಒಳನಾಡಿನ ಪಾಲು ಶೇ 60, ಕರಾವಳಿಯದು ಶೇ 40. ವಸ್ತುಗಳ ತೂಕ ಎರಡೂ ಕಡೆ ಒಂದೇ.

| ವಸ್ತು (ತೂಕ) | ಒಳನಾಡು, ಶೇ ಏರಿಕೆ | ಕರಾವಳಿ, ಶೇ ಏರಿಕೆ | ದೇಶ, ಶೇ ಏರಿಕೆ |
|---|---|---|---|
| ಆಹಾರ (30) | 8 | 2 | 5.6 |
| ಇಂಧನ (10) | 15 | 15 | 15 |
| ಬಾಡಿಗೆ (30) | 3 | 11 | 6.2 |
| ಸೇವೆ (20) | 4 | 5 | 4.4 |
| ಇತರ ಸರಕು (10) | 1 | 1 | 1 |

ಒಟ್ಟಾರೆ ಹಣದುಬ್ಬರ ಒಳನಾಡಿನಲ್ಲಿ ಶೇ 5.7, ಕರಾವಳಿಯಲ್ಲಿ ಶೇ 6.5, ದೇಶಕ್ಕೆ ಶೇ 6.0. ಎರಡು ಪ್ರದೇಶಗಳೂ ಅಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ಈಗ ಆಹಾರ, ಇಂಧನ ಬಿಡಿ: ದೇಶಕ್ಕೆ ಶೇ 4.7, ಆದರೆ ಒಳನಾಡಿನಲ್ಲಿ ಶೇ 3.0, ಕರಾವಳಿಯಲ್ಲಿ ಶೇ 7.3. ಒಟ್ಟಾರೆ ಅಂಕಿ ಮುಚ್ಚಿಟ್ಟಿದ್ದ ಬಿರುಕು ಬಯಲಾಯಿತು. ಜೊತೆಗೆ ಒಳನಾಡಿನ ಜನ ಅನುಭವಿಸುತ್ತಿರುವ ಆಹಾರದ ಏರಿಕೆ ಕಣ್ಮರೆಯಾಯಿತು.

ಮುಂದೆ ಮಧ್ಯಾಂಕ. ಕೊನೆಯ ಕಂಬಸಾಲಿನ ಐದು ರಾಷ್ಟ್ರೀಯ ಅಂಕಿಗಳನ್ನು ಸಾಲಾಗಿಟ್ಟರೆ ಇತರ ಸರಕು, ಸೇವೆ ಸೇರಿ ತೂಕ 30. ಆಹಾರ ಬಂದಾಗ 60. ನಡು ಆಹಾರದ ಮೇಲೆ ಬಿತ್ತು, ಮಧ್ಯಾಂಕ ಶೇ 5.6. ಆದರೆ ಈ 5.6 ಎಂಬ ಏರಿಕೆ ಯಾವ ಪ್ರದೇಶದಲ್ಲೂ ಆಗಿಲ್ಲ; ಅದು 8 ಮತ್ತು 2ರ ಬೆರಕೆ. ಈಗ ಪ್ರದೇಶವನ್ನೂ ವಸ್ತುವನ್ನೂ ಜೋಡಿಸಿ ಹತ್ತು ಘಟಕ ಮಾಡಿ. ಕೆಳಗಿನಿಂದ ಎಣಿಸಿದರೆ ಇತರ ಸರಕು 10, ಕರಾವಳಿಯ ಆಹಾರ ಸೇರಿ 22, ಒಳನಾಡಿನ ಬಾಡಿಗೆ ಸೇರಿ 40, ಒಳನಾಡಿನ ಸೇವೆ ಸೇರಿ 52. ಮಧ್ಯಾಂಕ ಶೇ 4. ಅದೇ ಬೆಲೆಗಳು, ಅದೇ ತೂಕಗಳು. ಘಟಕವನ್ನು ಸೀಳಿದ್ದಕ್ಕೆ ಉತ್ತರ 1.6 ಶೇಕಡಾ ಅಂಶ ಇಳಿಯಿತು.

ಶೇ 15 ತುದಿ ಕತ್ತರಿಸಿದ ಸರಾಸರಿಗೆ ಇದೇ ಪರೀಕ್ಷೆ ಒಡ್ಡಿದರೆ ರಾಷ್ಟ್ರೀಯ ಅಂಕಿಗಳಿಂದ ಶೇ 5.6, ಹತ್ತು ಘಟಕಗಳಿಂದ ಶೇ 5.4 ಬರುತ್ತದೆ. ಅಂದರೆ ಮಧ್ಯಾಂಕ ಎಷ್ಟು ಜಿಗಿಯಿತೋ ಇದು ಅಷ್ಟು ಜಿಗಿಯಲಿಲ್ಲ. ಘಟಕಗಳು ಕೆಲವೇ ಇದ್ದು, ಒಂದೆರಡರ ತೂಕ ಭಾರಿಯಾಗಿದ್ದರೆ ಮಧ್ಯಾಂಕವನ್ನು ಹಾಗೆಯೇ ಬಳಸಬಾರದು ಎಂದು ನಾನು ಹೇಳುವುದು ಇದಕ್ಕೇ.

ಇದು ಕಾಗದದ ಮೇಲಿನ ಆಟವಲ್ಲ. ಅಮೆರಿಕದ ಸೂಚ್ಯಂಕದಲ್ಲಿ, ಸ್ವಂತ ಮನೆಯಲ್ಲಿರುವವರು ತಮ್ಮ ಮನೆಗೆ ತಾವೇ ಬಾಡಿಗೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಎಂಬ ಅಂದಾಜು ಬಾಡಿಗೆಯ ತೂಕ ಸುಮಾರು ಕಾಲು ಭಾಗ. ಅಷ್ಟು ಭಾರದ ಒಂದೇ ವಸ್ತು ಸಾಲಿನ ನಡುವೆ ನಿಂತರೆ ಮಧ್ಯಾಂಕ ಮತ್ತೆ ಮತ್ತೆ ಅದರ ಮೇಲೆಯೇ ಬಂದು ಕೂರುತ್ತದೆ. ಆಗ ಅದು ಹಣದುಬ್ಬರದ ಅಳತೆಯಾಗಿ ಉಳಿಯದೆ ಬಾಡಿಗೆಯ ಅಳತೆಯಾಗುತ್ತದೆ. ಕ್ಲೀವ್‌ಲ್ಯಾಂಡ್ ಬ್ಯಾಂಕ್ 2007ರಲ್ಲಿ ಈ ಅಂದಾಜು ಬಾಡಿಗೆಯನ್ನು ಈಶಾನ್ಯ, ಮಧ್ಯಪಶ್ಚಿಮ, ದಕ್ಷಿಣ, ಪಶ್ಚಿಮ ಎಂದು ನಾಲ್ಕು ಪ್ರದೇಶಗಳಾಗಿ ಸೀಳಿತು. ಪ್ರಾದೇಶಿಕ ವ್ಯತ್ಯಾಸವನ್ನು ಅಡ್ಡಿ ಎಂದು ನೋಡದೆ ಮಾಹಿತಿ ಎಂದು ಬಳಸಿದ್ದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದು. ಆಸ್ಟ್ರೇಲಿಯಾದಲ್ಲಿ ಎಂಟು ರಾಜಧಾನಿ ನಗರಗಳ ಬೆಲೆಗಳು ಪ್ರತ್ಯೇಕವಾಗಿ ಸಿಗುವುದರಿಂದ ಸಂಶೋಧಕರು ನಗರ ಮತ್ತು ವಸ್ತು ಎರಡನ್ನೂ ಜೋಡಿಸಿದ ಘಟಕಗಳ ಮೇಲೆ ಇಂಥ ಅಳತೆಗಳನ್ನು ಪರೀಕ್ಷಿಸಿದ್ದಾರೆ.

ಸೀಳುವುದಕ್ಕೂ ಒಂದು ಮಿತಿಯಿದೆ. ಘಟಕ ಸಣ್ಣದಾದಷ್ಟೂ ಅದರ ಹಿಂದಿರುವ ಬೆಲೆಗಳ ಸಂಖ್ಯೆ ಕಡಿಮೆಯಾಗಿ, ತುದಿಗಳಲ್ಲಿ ಮಾದರಿಯ ಗದ್ದಲವೇ ತುಂಬಿಕೊಳ್ಳುತ್ತದೆ. ಕತ್ತರಿ ಆ ಗದ್ದಲವನ್ನೂ ಕತ್ತರಿಸುತ್ತದಾದ್ದರಿಂದ ಸ್ವಲ್ಪ ಮಟ್ಟಿಗೆ ಪರವಾಗಿಲ್ಲ. ಎಲ್ಲವನ್ನೂ ಸೀಳುವುದಕ್ಕಿಂತ, ತೂಕ ಭಾರಿಯಾಗಿರುವ ಮತ್ತು ಪ್ರದೇಶಕ್ಕೆ ಅಂಟಿಕೊಂಡ ವಸ್ತುಗಳನ್ನು ಮಾತ್ರ ಸೀಳುವುದು ಜಾಣತನ. ಬಾಡಿಗೆ, ನೀರು, ಸ್ಥಳೀಯ ಸಾರಿಗೆ ಇವು ಮೊದಲ ಅಭ್ಯರ್ಥಿಗಳು. ದೇಶವಿಡೀ ಒಂದೇ ದರವಿರುವ ಮೊಬೈಲ್ ಶುಲ್ಕವನ್ನು ಸೀಳಿ ಸಿಗುವುದು ಏನೂ ಇಲ್ಲ.

ಈ ದಾರಿಯನ್ನು ಹೊಗಳುವವರು 2021ನ್ನು ಮರೆಯಬಾರದು. ಆ ವರ್ಷದ ಮಧ್ಯದಲ್ಲಿ ಅಮೆರಿಕದಲ್ಲಿ ಬಳಸಿದ ಕಾರುಗಳಂಥ ಕೆಲವೇ ವಸ್ತುಗಳ ಬೆಲೆ ಆಕಾಶಕ್ಕೆ ಹಾರಿತ್ತು. ಆಹಾರ, ಇಂಧನ ಬಿಟ್ಟ ಅಳತೆ ಶೇ 3 ದಾಟಿತ್ತು. ಡಲ್ಲಾಸ್ ಬ್ಯಾಂಕಿನ ಅಳತೆ ಇನ್ನೂ ಶೇ 2ರ ಆಸುಪಾಸಿನಲ್ಲಿ ನೆಮ್ಮದಿಯಾಗಿತ್ತು. ತುದಿಯಲ್ಲಿದ್ದ ಏರಿಕೆ ನಡುವಿಗೆ ಹರಡಿದ್ದು ನಂತರ. ಏರಿಕೆ ಕೆಲವು ವಸ್ತುಗಳಲ್ಲೋ ಒಂದೆರಡು ಪ್ರದೇಶಗಳಲ್ಲೋ ಹುಟ್ಟಿ ಆಮೇಲೆ ಎಲ್ಲೆಡೆ ವ್ಯಾಪಿಸುವ ಸಂದರ್ಭದಲ್ಲಿ, ಕತ್ತರಿಸುವ ಅಳತೆ ಆ ಮೊದಲ ಸುಳಿವನ್ನೇ ಕತ್ತರಿಸಿ ಎಸೆಯುತ್ತದೆ. ಅದಕ್ಕೆ ಮದ್ದು, ಪಕ್ಕದಲ್ಲಿ ಇನ್ನೊಂದು ಸರಳ ಅಂಕಿ ಇಟ್ಟುಕೊಳ್ಳುವುದು: ಶೇ 4ಕ್ಕಿಂತ ಹೆಚ್ಚು ಏರಿದ ಘಟಕಗಳ ಒಟ್ಟು ತೂಕ ಎಷ್ಟು, ಅದು ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದೆಯೇ ಎಂದು. ಕೇಂದ್ರ ಬ್ಯಾಂಕಿನ ಹಣದುಬ್ಬರದ ಗುರಿ ಶೇ 2 ಇರುವಲ್ಲಿ ಈ ಗೆರೆ ಸರಿಹೊಂದುತ್ತದೆ, ಗುರಿಯೇ ಶೇ 4 ಇರುವಲ್ಲಿ ಗೆರೆಯನ್ನು ಮೇಲಕ್ಕೇರಿಸಬೇಕು.

ಮಾದರಿಗಳ ದಾರಿ

ಮೂರನೆಯದು ಸಂಖ್ಯಾಶಾಸ್ತ್ರೀಯ ಮಾದರಿಗಳದ್ದು. ನೂರಾರು ಸರಣಿಗಳಲ್ಲಿ ಒಟ್ಟಿಗೆ ಕಾಣುವ, ಬೇಗ ಅಳಿಯದ ಚಲನೆಯನ್ನು ಮಾತ್ರ ಹೆಕ್ಕುವುದು ಇವುಗಳ ಕೆಲಸ. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಇಂಥ ಅಳತೆಯೊಂದು 12 ದೇಶಗಳ ವಸ್ತುವಾರು ಸರಣಿಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದು ದೇಶಕ್ಕೆ ಸೀಮಿತವಾದ ಜಿಗಿತ ಅದರಲ್ಲಿ ತಾನಾಗಿಯೇ ಸೋಸಿಹೋಗುತ್ತದೆ. ಆಸೆ ಹುಟ್ಟಿಸುವ ದಾರಿ. ಆದರೆ ಹೊಸ ತಿಂಗಳ ಅಂಕಿ ಬಂದಾಗ ಹಳೆಯ ತಿಂಗಳುಗಳ ಉತ್ತರವೂ ಬದಲಾಗುತ್ತದೆ. ಕೆನಡಾದ ಬ್ಯಾಂಕ್ ಈ ಬಗೆಯ ತನ್ನ ಅಳತೆಯ ಮೇಲೆ 2022ರಲ್ಲಿ ಭರವಸೆ ಕಡಿಮೆ ಮಾಡಿಕೊಂಡದ್ದು ಪರಿಷ್ಕರಣೆಗಳು ತೀರಾ ದೊಡ್ಡದಾದ ಕಾರಣಕ್ಕೆ. ಸಂಶೋಧಕರಿಗೆ ಸರಿ. ಸಾರ್ವಜನಿಕ ಚರ್ಚೆಗೆ, ಒಪ್ಪಂದಕ್ಕೆ ಖಂಡಿತ ಬೇಡ.

ಆರಿಸಿದ್ದನ್ನು ಪರೀಕ್ಷಿಸುವುದು

ಪ್ರದೇಶವಾರು ಅಂಕಿಗಳು ಸಿಗುವ ಕಡೆ, ಭಾರಿ ತೂಕದ ಘಟಕಗಳನ್ನು ಸೀಳಿದ, ತುದಿ ಕತ್ತರಿಸಿದ ಸರಾಸರಿಯೇ ನನ್ನ ಮೊದಲ ಆಯ್ಕೆ. ಆಹಾರದ ತೂಕ ಕಡಿಮೆಯಿದ್ದು ಪ್ರದೇಶವಾರು ಅಂಕಿಗಳು ಇಲ್ಲದಿದ್ದರೆ ಆಹಾರ, ಇಂಧನ ಬಿಟ್ಟ ಹಳೆಯ ಅಳತೆಯೂ ನಡೆಯುತ್ತದೆ. ಆಹಾರದ ತೂಕ ಮೂರನೇ ಒಂದು ಭಾಗ ಮೀರಿದ ಕಡೆ ಆ ಅಳತೆಯೊಂದನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಯಾವುದನ್ನೇ ಆರಿಸಿದರೂ ಕನಿಷ್ಠ ಹತ್ತು ವರ್ಷದ ಹಳೆಯ ಅಂಕಿಗಳ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಆ ಅವಧಿಯಲ್ಲಿ ನಿಮ್ಮ ಅಳತೆಯ ಸರಾಸರಿ ಒಟ್ಟಾರೆ ಹಣದುಬ್ಬರದ ಸರಾಸರಿಗೆ ಹತ್ತಿರವಿದೆಯೇ? ಸದಾ ಅರ್ಧ ಶೇಕಡಾ ಅಂಶ ಕೆಳಗೇ ಇದ್ದರೆ ಅದು ಒಲವನ್ನು ತೋರಿಸುತ್ತಿಲ್ಲ, ಏರಿಕೆಯನ್ನು ಮರೆಮಾಚುತ್ತಿದೆ. ಡಲ್ಲಾಸ್ ಬ್ಯಾಂಕ್ ಎರಡು ತುದಿಗಳಲ್ಲಿ ಬೇರೆ ಬೇರೆ ಪ್ರಮಾಣ ಕತ್ತರಿಸುವುದು ಇಂಥ ಓರೆಯನ್ನು ಸರಿಪಡಿಸಲಿಕ್ಕೆ. ಎರಡು, ಒಟ್ಟಾರೆ ಅಂಕಿ ನಿಮ್ಮ ಅಳತೆಯಿಂದ ದೂರ ಸರಿದಾಗಲೆಲ್ಲ ಮುಂದಿನ ಒಂದೆರಡು ವರ್ಷಗಳಲ್ಲಿ ಯಾವುದು ಯಾವುದರ ಕಡೆಗೆ ವಾಪಸಾಗಿದೆ? ಒಟ್ಟಾರೆ ಅಂಕಿ ಇದರತ್ತ ಮರಳಿದ್ದರೆ ಅಳತೆ ಕೆಲಸ ಮಾಡುತ್ತಿದೆ. ಇದೇ ಒಟ್ಟಾರೆ ಅಂಕಿಯ ಬೆನ್ನು ಹತ್ತಿ ಓಡಿದ್ದರೆ ನೀವು ಗದ್ದಲವೆಂದು ಕತ್ತರಿಸಿದ್ದು ಗದ್ದಲವಾಗಿರಲಿಲ್ಲ. ಈ ಎರಡನೆಯ ಪರೀಕ್ಷೆಯನ್ನು ಪ್ರತಿ ಪ್ರದೇಶಕ್ಕೂ ಬೇರೆಯಾಗಿ ನಡೆಸಬೇಕು, ಯಾಕೆಂದರೆ ದೇಶದ ಮಟ್ಟದಲ್ಲಿ ತೇರ್ಗಡೆಯಾದ ಅಳತೆ ಕರಾವಳಿಯಲ್ಲಿ ಗೆದ್ದು ಒಳನಾಡಿನಲ್ಲಿ ಸೋತಿರಬಹುದು.